ಸೋಮಲಿಂಗನ ಕಾಲಿನ ಉಪ್ಪು

ಮೂರು ತಿಂಗಳಾಗಿತ್ತು, ದಾನಮ್ಮನ ನಾಲಿಗೆ ಉಪ್ಪಿನ ರುಚಿ ಕಂಡಿರಲಿಲ್ಲ. ಗಂಡ ಸೋಮಲಿಂಗನ ಕಿಡ್ನಿ ಕೈಕೊಟ್ಟು ನಾಸಿಕ್‌ನಲ್ಲಿ ಡಯಾಲಿಸಿಸ್ ಶುರುವಾದಂದಿನಿಂದ ಅವಳ ಒಲೆಯ ಮೇಲೆ ಒಂದೇ ಗಡಿಗೆ, ಅದೂ ಸಪ್ಪೆ. ಗಂಡ ಉಂಡ ತಟ್ಟೆಯಲ್ಲೇ ಉಣ್ಣುವ ಹೆಂಗಸು ಅವಳು. ಆದರೂ ಅವನ ಕಾಲಿನ ಬಾವು ಇಳಿಯಲಿಲ್ಲ. "ಕದ್ದು ಉಪ್ಪ ಹಾಕಿ ನನ್ನ ಮಗನ್ನ ಕೊಲ್ಲಾಕತ್ತಾಳ" ಎಂದು ಅತ್ತೆ ಯಮನವ್ವ ತಾವಿದ್ದ ದೇವಳಾಲಿಯ ಕೂಲಿಕಾರರ ಶೆಡ್ಡುಗಳಿಗೆಲ್ಲ ಸಾರಿಬಂದಳು.

ಔರಂಗಾಬಾದಿನ ಆಸ್ಪತ್ರೆಯೊಂದರಲ್ಲಿ ಮೈಯೊಳಗಿನ ಉಪ್ಪನ್ನೇ ತೋರಿಸುವ ಎಂಆರ್‌ಐ ಯಂತ್ರದ ಸಂಶೋಧನೆ ನಡೆದಿತ್ತು. ಅದಕ್ಕೆ ಹೆಸರು ಕೊಟ್ಟವರಿಗೆ ನಾಸಿಕ್‌ನ ಡಯಾಲಿಸಿಸ್ ಪುಕ್ಕಟೆ ಎಂದು ಸೋಮಲಿಂಗ ಹೆಸರು ಬರೆಸಿದ. ಹೋಲಿಸಿ ನೋಡಲು ಅದೇ ಮನೆಯ ಗಟ್ಟಿಮುಟ್ಟಾದವರೊಬ್ಬರು ಬೇಕೆಂದಾಗ ದಾನಮ್ಮ ಮುಂದೆ ಬಂದಳು. ಯಂತ್ರವಾದರೂ ನಿಜ ಹೇಳೀತು ಎಂಬ ಆಸೆಗೆ, ಮೈಮೇಲೆ ಲೋಹ ಕೂಡದೆಂದಾಗ ಗಂಡ ಬದುಕಿರುವಾಗಲೇ ತಾಳಿ ಬಿಚ್ಚಿಟ್ಟು ಮಲಗಿದಳು, ಪಾಪ.

ಪರದೆಯ ಮೇಲೆ ಇಬ್ಬರ ಕಾಲಿನ ಮೀನಖಂಡಗಳೂ ಮೂಡಿದವು. ಉಪ್ಪಿದ್ದಲ್ಲಿ ಬೆಳಕು. ಅವಳದು ಮಂಕು, ಅವನದು ಝಗಝಗ. ಕೆಟ್ಟ ಕಿಡ್ನಿಯವರ ಮೈಯಲ್ಲಿ ಉಪ್ಪು ನಿಲ್ಲುವುದುಂಟು, ಆದರೆ ಇಷ್ಟಲ್ಲ, ಪಥ್ಯ ಮುರಿದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಡಾಕ್ಟರ್ ಹಿಂದಿಯಲ್ಲಿ ಗದರಿದ.

ಒಂದೇ ಗಡಿಗೆಯಲ್ಲಿ ಉಂಡ ತನ್ನ ಕಾಲು ಮಂಕಾಗಿದ್ದು ಕಂಡು ದಾನಮ್ಮನಿಗೆ ಎದೆಯ ಭಾರ ಇಳಿದಂತಾಯಿತು. ಡಯಾಲಿಸಿಸ್ ಮುಗಿದ ಮೇಲೆ ಸೋಮಲಿಂಗ ನಾಸಿಕ್ ರೋಡ್ ಸ್ಟೇಶನ್ ಮುಂದೆ ವಡಾಪಾವ್, ಉಪ್ಪು ಸವರಿದ ಮೆಣಸಿನಕಾಯಿ ತಿನ್ನುವುದು ಅವಳಿಗೆ ಗೊತ್ತಿತ್ತು. ಬೇಡವೆಂದು ಕಾಲು ಹಿಡಿದಿದ್ದಳು, ಅತ್ತೆಗೆ ಮಾತ್ರ ಹೇಳಿರಲಿಲ್ಲ. ಈಗ ಅವನೇ ಒಪ್ಪಿಕೊಂಡಾನೆಂದು ಅವನ ಮುಖ ನೋಡಿದಳು.

ಅವನು ಡಾಕ್ಟರಿಗೆ ಕೈಮುಗಿದ. ಅಡಿಗೆ ಹೆಂಡತಿಯದು, ತನಗೆ ಸಪ್ಪೆ ತೆಗೆದಿಟ್ಟುಕೊಂಡು ನನಗೆ ಉಪ್ಪು ಹಾಕುತ್ತಾಳೆ, ಅವಳ ಕಾಲೇ ನೋಡಿರಿ ಎಂದ. ಡಾಕ್ಟರ್ ನೋಡಿದ. ಇನ್ನು ಮೇಲೆ ಅಡಿಗೆ ತಾಯಿ ಮಾಡಲಿ ಎಂದು ಇವನ ಹೆಸರು ಉಳಿಸಿದ.

ಜೊತೆಗೆ ಬಂದಿದ್ದ ಯಮನವ್ವ ಸೊಸೆಯನ್ನು ಅಲ್ಲಿಂದಲೇ ಸೀದಾ ಸ್ಟ್ಯಾಂಡಿಗೆ ಎಳೆದೊಯ್ದು, ತವರಿಗೆ ಹೋಗೆಂದು ಸೊಲ್ಲಾಪುರದ ಬಸ್ಸು ತೋರಿಸಿ ತಿರುಗಿಯೂ ನೋಡದೆ ಹೋದಳು. ಬಸ್ಸು ಹೊರಡುವ ಹೊತ್ತಿಗೆ ಸೋಮಲಿಂಗ ಬಾತ ಕಾಲೆಳೆಯುತ್ತ ಕಿಟಕಿಗೆ ಬಂದ. ಕರೆಯಲು ಬಂದನೆಂದು ಹುಚ್ಚಿ ಅರ್ಧ ಎದ್ದೇ ನಿಂತಳು.

"ಏ, ಆ ಏಳು ನಮೂನಿ ಗುಳಿಗಿ ಅದಾವಲ್ಲ, ಯಾವ್ದು ಯಾವಾಗ ನುಂಗೂದು?" ಎಂದ. "ನಿನಗಷ್ಟ ಗೊತ್ತ ಐತಿ."

ದಾನಮ್ಮ ಕೂತಳು.

"ನಿಮ್ಮವ್ವನ್ನ ಕೇಳ್ರಿ," ಎಂದು ಕಿಟಕಿಯ ಗಾಜು ಎಳೆದಳು.