ಹೆಪ್ಪು ಹಿಡಿಯದ ಹಾಲು

ಬುರುಲ್ ಹೊಸ ಪೀಪಾಯಿಯಿಂದ ಕಡೆಗೋಲನ್ನು ಮೇಲೆತ್ತಿ ಮೂಸಿ ನೋಡಿದಳು. ಬೆಳಗಿನಿಂದ ಕಡೆದರೂ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಕುದುರೆ ಹಾಲು ಹುದುಗಿ ಹುಳಿ ಪಾನೀಯ ಕುಮಿಸ್ ಆಗದೆ ಹಾಗೇ ಸಪ್ಪೆಯಾಗಿ ಕೂತಿತ್ತು.

"ನನ್ನ ಕೈಗುಣವೇ ಹೋಯ್ತು ಕಣೇ ಸೇಜಿಮ್," ಎಂದು ಮಗಳತ್ತ ನೋಡಿ ನಕ್ಕಳು. "ಮುದುಕಿ ಆದೆ ಅಂತ ಹಾಲಿಗೂ ಗೊತ್ತಾಗ್ಬಿಟ್ಟಿದೆ."

ಸೇಜಿಮ್‌ಗೆ ನಗು ಬರಲಿಲ್ಲ. ಆ ಪೀಪಾಯಿಯನ್ನು ಬಿಷ್ಕೆಕ್ಕಿನ ತನ್ನ ಪ್ರಯೋಗಾಲಯದಿಂದ ತಂದವಳು ಅವಳೇ. ಒಳಗೋಡೆಗೆ ಸತುವಿನ ಆಕ್ಸೈಡಿನ ನ್ಯಾನೋ ಕಣಗಳ ಲೇಪವಿತ್ತು. ಕೊಳ್ಳಲು ಬರುವ ಪೇಟೆಯವರು ಅಮ್ಮ ಕುಮಿಸ್ ಹುದುಗಿಸುವ ತೊಗಲ ಚೀಲ ಕಂಡು ಮೂಗು ಮುರಿಯುತ್ತಿದ್ದರು. ಇದರಲ್ಲಾದರೆ ಬೂಸ್ಟು ಹಿಡಿಯದು ಎಂದು ಬೀಗಿದ್ದಳು. ಲೇಪ ಗೋಡೆ ಬಿಟ್ಟು ಕದಲದು ಎಂದೇ ನಂಬಿದ್ದಳು. ನೀರು ತುಂಬಿ ಪರೀಕ್ಷಿಸಿದ್ದಳೇ ಹೊರತು ಹುಳಿ ತುಂಬಿ ನೋಡಿರಲಿಲ್ಲ. ಹುಳಿಗೆ ಸತು ಕರಗಿ, ಹೆಪ್ಪಿನ ಜೀವಾಣುಗಳನ್ನೆಲ್ಲ ಕೊಂದಿತ್ತು. ಹಳೆಯ ಚೀಲದಿಂದ ಹೆಪ್ಪನ್ನು ಪೂರ್ತಿ ಪೀಪಾಯಿಗೆ ಬಗ್ಗಿಸಿ, ಚೀಲವನ್ನು ಸೋಡಾ ಹಾಕಿ ಉಜ್ಜಿ ತೊಳೆದವಳೂ ಅವಳೇ.

"ಆಪಾ," ಎಂದು ಅಮ್ಮನನ್ನು ಕರೆದಳು. "ನಿನ್ನ ಕೈ ಸರಿಯಾಗೇ ಇದೆ. ಈ ಪೀಪಾಯಿದೇ ತಪ್ಪು. ಹೆಪ್ಪನ್ನ ನಾನೇ ಕೊಂದೆ."

ಬುರುಲ್ ಪೀಪಾಯಿಯೊಳಗೆ ಇಣುಕಿದಳು. "ನಮ್ಮಮ್ಮ ಮದುವೇಲಿ ಕೊಟ್ಟಿದ್ದು ಕಣೇ ಅದು. ಒಂದು ಹನೀನೂ ಉಳಿದಿಲ್ವಾ?"

"ಇಲ್ಲ ಆಪಾ. ಪಕ್ಕದ ಗುಡಾರದ ಉಲ್ಕಾನ್ ಅಕ್ಕನ್ನ ಕೇಳಿದ್ರೆ? ನೀನೇ ಅಲ್ವಾ ಅವಳಿಗೆ ಕೊಟ್ಟಿದ್ದು?"

"ಅವಳು ಹೋದ ವರ್ಷವೇ ಅಂಗಡಿ ಹೆಪ್ಪಿನ ಪುಡಿಗೆ ಬಿದ್ಲಲ್ಲ. ನಾನೇ ಆಡಿಕೊಂಡಿದ್ದೆ, ಸೋಮಾರಿ ಅಂತ."

ಬೈದಿದ್ದರೆ ಸೇಜಿಮ್‌ಗೆ ಎಷ್ಟೋ ಹಗುರಾಗುತ್ತಿತ್ತು. ಅಮ್ಮ ಬೈಯಲಿಲ್ಲ. ಪ್ರತಿ ಚಳಿಗಾಲವೂ ಹೆಪ್ಪನ್ನು ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದವಳು ಅವಳು. ಈ ಬೇಸಿಗೆಯಲ್ಲಿ ಅಷ್ಟನ್ನೂ ನೆನೆಹಾಕಿ ಎಬ್ಬಿಸಿಯಾಗಿತ್ತು.

ಹಾಲು ಕರೆಯುವ ಹೊತ್ತಾಗಿತ್ತು. ಬುರುಲ್ ಬಕೆಟ್ಟು ಹಿಡಿದು ಹೊರಟಳು. ಹಗ್ಗಕ್ಕೆ ಸಾಲಾಗಿ ಕಟ್ಟಿದ್ದ ಕುದುರೆ ಮರಿಗಳು ಹಸಿದು ಕೆನೆಯುತ್ತಿದ್ದವು. ಎಂದಿನಂತೆ, ಹಾಲಿಳಿಯಲೆಂದು ಮೊದಲ ಮರಿಯನ್ನು ತಾಯಿಯ ಬಳಿ ತಂದು ಹಿಡಿಯಲು ಸೇಜಿಮ್ ಮುಂದೆ ಬಂದಳು.

"ಬೇಡ ಬಿಡು," ಎಂದು ಬುರುಲ್ ಬಗ್ಗಿ ಅದರ ಕುಣಿಕೆ ಬಿಚ್ಚಿದಳು. ಆಮೇಲೆ ಪಕ್ಕದ್ದು, ಅದರಾಚೆಯದು. "ಕುಡೀಲಿ. ಅವುಗಳ ಹಾಲು ತಾನೇ."

ಮರಿಗಳು ಓಡಿಹೋಗಿ ಕೆಚ್ಚಲನ್ನು ಗುದ್ದಿ ಗುದ್ದಿ ಕುಡಿಯತೊಡಗಿದವು. ಬುರುಲ್ ಖಾಲಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು ನೋಡುತ್ತಿದ್ದಳು.