ಕಣ್ಣಿಟ್ಟ ಮೀನು

ನೆಲದ ಮೇಲೆ ಯೋಮ್ ಗಾನ್ನಾನಳ ನಡಿಗೆ ನೋಡಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಮಂಡಿಗಳು ಹೊರಕ್ಕೆ ಬಾಗಿ, ಸೊಂಟ ಒಂದು ಮಗ್ಗುಲಿಗೆ ವಾಲಿ, ಅಂಗಡಿಯಿಂದ ಮನೆ ಸೇರುವುದರೊಳಗೆ ಸಿಕ್ಕ ಸಿಕ್ಕ ಜಗಲಿಗಳ ಮೇಲೆಲ್ಲ ಕೂತು ಸುಧಾರಿಸಿಕೊಳ್ಳುವ ಮುದುಕಿ. ಆದರೆ ಇಳಿತದ ಹೊತ್ತಿಗೆ ಸಮುದ್ರ ಹಿಂದಕ್ಕೆ ಸರಿದು, ಕೊರಿಯಾದ ತೆಂಕಣ ಅಂಚಿನ ನಮ್ಮೂರಿನ ಮುಂದೆ ಕಣ್ಣು ಹಾಯುವವರೆಗೂ ಬೂದುಬಣ್ಣದ ಕೆಸರುಬಯಲು ತೆರೆದುಕೊಂಡಾಗ, ಇದೇ ಮುದುಕಿ ಉದ್ದನೆಯ ಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದೆಯುತ್ತ ಹೊರಟಳೆಂದರೆ, ಬೆಣ್ಣೆಯ ಮೇಲೆ ಬಿಸಿ ಚಾಕು ಹೋದ ಹಾಗೆ. ದಡದಲ್ಲಿ ನಿಂತ ನಾನು ಹಲ್ಲು ಕಡಿಯುತ್ತಿದ್ದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಕರೆಯುವ ವಯಸ್ಸು ನನ್ನದಲ್ಲ.

ಅವಳು ಹಿಡಿಯುತ್ತಿದ್ದುದು ಚಾಂಗ್‌ತುಂಗ್ ಮೀನು. ಮೀನಾಗಿ ಹುಟ್ಟಿಯೂ ನೀರೇರಿ ಬಂದರೆ ಬಿಲ ಸೇರಿಕೊಳ್ಳುವ, ನೀರಿಳಿದ ಮೇಲೆ ಹೊರಬಂದು ಎದೆಯ ರೆಕ್ಕೆಗಳನ್ನೇ ಮೊಣಕೈ ಮಾಡಿಕೊಂಡು ತೆವಳುವ, ಹಸಿ ಚರ್ಮದಿಂದಲೇ ಉಸಿರಾಡುವ ವಿಚಿತ್ರ ಪ್ರಾಣಿ ಅದು. ತಲೆಯ ಮೇಲೆ ಗುಳ್ಳೆಗಳಂತೆ ಎದ್ದ ಕಣ್ಣುಗಳನ್ನು ಆಗಾಗ ಒಳಕ್ಕೆ ಇಳಿಸಿ ಒದ್ದೆ ಮಾಡಿಕೊಳ್ಳುತ್ತದೆ. ಮೈ ಒಣಗಿತೆನ್ನಿಸಿದರೆ ಕೆಸರಿನಲ್ಲಿ ಹೊರಳುತ್ತದೆ. ವಸಂತ ಮುಗಿಯುವ ಹೊತ್ತಿಗೆ ಗಂಡುಗಳು ಹೆಣ್ಣಿನ ಕಣ್ಣಿಗೆ ಬೀಳಲು ನೀಲಿ ಚುಕ್ಕೆಯ ರೆಕ್ಕೆ ಬಿಚ್ಚಿ ಗಾಳಿಗೆ ನೆಗೆಯುತ್ತವೆ. ಚಳಿ ಬಿತ್ತೋ, ಬಿಲದ ತಳ ಸೇರಿ ಚೆರ್ರಿ ಹೂ ಬಿಡುವವರೆಗೂ ನಿದ್ದೆ. ಗಾಳಕ್ಕೆ ಎರೆ ಕಟ್ಟಿದರೆ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಉದ್ದನೆಯ ಕೋಲಿನ ದಾರದ ತುದಿಗೆ ನಾಲ್ಕು ಮುಳ್ಳಿನ ಕೊಕ್ಕೆ ಕಟ್ಟಿ, ಮೀನಿನಾಚೆಗೆ ಎಸೆದು, ಸರಕ್ಕನೆ ಎಳೆದು ಹೊಟ್ಟೆಗೆ ಸಿಕ್ಕಿಸಬೇಕು. ಗಾನ್ನಾನ್ ಎಸೆದ ಕೊಕ್ಕೆ ಬರಿದಾಗಿ ಬಂದದ್ದನ್ನು ಕಂಡವರು ಕಡಿಮೆ. ಹಾಗೆ ಬರಿದಾಗಿ ಬಂದ ದಿನ ಅವಳ ಎದುರಿಗೆ ಹೋಗುವಷ್ಟು ಗಂಡೆದೆ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ.

ಬೇಸಿಗೆಯಲ್ಲೂ ಹತ್ತಿ ತುಂಬಿದ ಹೂವಿನ ಚಿತ್ರದ ತೋಳಿಲ್ಲದ ಅಂಗಿ. ಏನು ಹೇಳಿದರೂ ಮೊದಲು "ಯಾರಂದೋರು?" ಎಂಬ ಜಗಳದ ಪ್ರಶ್ನೆ. ಒಳ್ಳೆಯ ಇಳಿತವಿದ್ದ ದಿನ ಸಾವಿನ ಮನೆಗೂ ಹೋಗುತ್ತಿರಲಿಲ್ಲ; ಸ್ವಂತ ಮೈದುನನ ಮಣ್ಣಿಗೆ ಮೊಣಕೈವರೆಗೆ ಕೆಸರು ಮೆತ್ತಿಕೊಂಡೇ ಬಂದು, ಎರಡು ಸಲ ಅಡ್ಡಬಿದ್ದು, ಖಾರದ ಸಾರು ಕುಡಿದು ಹೊರಟುಹೋದಳು.

ನಮ್ಮ ಬಯಲಿಗೆ ಒಂದು ಕಟ್ಟಳೆಯಿದೆ: ಒಬ್ಬರು ಕಣ್ಣಿಟ್ಟು ಕೋಲು ಎತ್ತಿದ ಮೀನಿಗೆ ಇನ್ನೊಬ್ಬರು ಕೊಕ್ಕೆ ಎಸೆಯಬಾರದು. ಕಂಡವರಿಗೆ ಮೀನು. ಗಾನ್ನಾನಳ ಬೆನ್ನಿಗೆ ಹುಟ್ಟಿದ ತಂಗಿ ಕುನ್ನ್ಯೊ ಒಮ್ಮೆ ಈ ಕಟ್ಟಳೆ ಮುರಿದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಒಂದೇ ಗೋಡೆ ಹಂಚಿಕೊಂಡ ಮನೆಗಳು. ಉಪ್ಪು ಬೇಕಾದರೂ ಅಂಗಳದ ನಾಯಿಗೆ ಹೇಳುವ ನೆಪದಲ್ಲಿ ಆ ಮನೆಯಿಂದ ಈ ಮನೆಗೆ ಕೂಗು.

ಇನ್ನು ನನ್ನ ವಿಷಯ. ಬಯಲಿಗೆ ಅಡ್ಡಗೋಡೆ ಕಟ್ಟಿ ಸಮುದ್ರವನ್ನು ಹೊರಗಿಟ್ಟು ಒಳಗೆ ಕಾರ್ಖಾನೆ ಎಬ್ಬಿಸುವ ಯೋಜನೆ ಬಂದಂದಿನಿಂದ ನಾನು ವಿರೋಧ ಸಮಿತಿಯ ಅಧ್ಯಕ್ಷ. ಲಾಠಿಗೆ ಮಂಡಿ ಕೊಟ್ಟೆ, ಜೈಲಿನ ಅನ್ನಕ್ಕೆ ಹೊಟ್ಟೆ ಕೊಟ್ಟೆ, ಸರ್ಕಾರಿ ಕಚೇರಿಯ ಮುಂದೆ ಪ್ರತಿಭಟನೆಗೆಂದು ತಲೆ ಬೋಳಿಸಿಕೊಂಡೆ. ಹಾಗೆ ಬೋಳಾಗಿ ಊರಿಗೆ ಬಂದಾಗ ಹೆಂಗಸರೆಲ್ಲ ಕಣ್ಣೊರೆಸಿಕೊಂಡರೆ ಗಾನ್ನಾನ್ ಹೇಳಿದ್ದಿಷ್ಟೆ: "ಅಧ್ಯಕ್ಷರೇ, ಬಯಲ ಕಡೆ ಬರ್ಬೇಡಿ. ಆ ಬೋಳು ತಲೆ ಕಂಡು ಕೆಸರಲ್ಲಿ ಅಡಗಿದ ಆಕ್ಟೋಪಸ್ ಅಂತ ಯಾರಾದ್ರೂ ಅಗೆದು ತೆಗೆದಾರು." ಅಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಜೈಲುವಾಸ, ನನ್ನ ಘೋಷಣೆ, ನನ್ನ ಹರಿದ ಮಂಡಿ ಎಲ್ಲವೂ ಆ ಒಂದು ನಗೆಯಲ್ಲಿ ಕೊಚ್ಚಿಹೋದವು.

ಕೊನೆಗೆ ಊರು ಕೈಯೆತ್ತಿ ತೀರ್ಮಾನಿಸಬೇಕಾದ ದಿನ ಬಂತು. ಒಪ್ಪಿದರೆ ಬಯಲು ಹೋಯಿತು, ಒಪ್ಪದಿದ್ದರೆ ಉಳಿಯಿತು. ಊರು ಸರಿಯಾಗಿ ಎರಡು ಹೋಳಾಗಿತ್ತು. ಗಾನ್ನಾನಳಂತೆ ಹಲಗೆಯೇರಿ ಮೀನಿಗೆ ಹೋಗುವ ಹೆಂಗಸರು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅವರು ಗಾನ್ನಾನಳ ಕೈ ಎತ್ತ ಏಳುತ್ತದೋ ಅತ್ತ. ಬೇರೆ ದಾರಿಯಿಲ್ಲದೆ ಸಭೆಯ ಹಿಂದಿನ ದಿನ ಅವಳ ಅಂಗಳಕ್ಕೆ ಹೋದೆ. ಮೀನಿನ ಹೊಟ್ಟೆ ಸೀಳುತ್ತಿದ್ದಳು.

"ಅಕ್ಕಾ, ನಾಳೆ ಸಭೆಗೆ ಬರ್ತೀಯ ತಾನೇ?"

"ಯಾರಂದೋರು? ನಾಳೆ ಇಳಿತ ಚೆನ್ನಾಗಿದೆ."

"ಬಯಲೇ ಹೋಗ್ತದೆ ಅಕ್ಕಾ. ಮುಂದಿನ ಪೀಳಿಗೆ, ಜೀವಸಂಕುಲ..."

"ನಿಮ್ಮ ಸಂಕುಲ ಸ್ವಲ್ಪ ಆ ಕಡೆ ಸರೀಲಿ. ಬೆಳಕಿಗೆ ಅಡ್ಡ ನಿಂತಿದೀರಿ."

ಸಭೆಯಲ್ಲಿ ಗಂಟಲು ಹರಿಯುವ ಹಾಗೆ ಮಾತಾಡಿದೆ. ಜನ ಆಕಳಿಸಿದರು. ಗಾನ್ನಾನ್ ಇಳಿತ ಮುಗಿಸಿಕೊಂಡು ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ಕಂಪನಿಯ ನಯವಾದ ಯುವಕ ಎದ್ದು, ಗೋಡೆಯ ಒಳಗೆ ದೊಡ್ಡ ತೊಟ್ಟಿಗಳನ್ನು ಕಟ್ಟಿ ಚಾಂಗ್‌ತುಂಗ್ ಮೀನುಗಳನ್ನು ಸಾಕುತ್ತೇವೆ ಎಂದ. "ಒಂದನ್ನೂ ಸಾಯೋಕೆ ಬಿಡಲ್ಲ ಅಜ್ಜಿಯಂದಿರೇ. ನಾವೇ ಹಿಡಿದು ತಂದು, ನಾವೇ ಮೇವು ಹಾಕಿ ನೋಡ್ಕೋತೀವಿ. ನೀವು ಆರಾಮಾಗಿ ಬಂದು ಗಾಜಿನ ಆಚೆಯಿಂದ ನೋಡ್ಬಹುದು."

ಗಾನ್ನಾನ್ ಕಣ್ಣು ಬಿಟ್ಟಳು.

"ಯಾರಂದೋರು? ಯಾರು ಹಿಡಿಯೋದು?"

"ನಮ್ಮ ಕೆಲಸದೋರು, ಅಜ್ಜಿ."

ಅವಳು ಗೋಡೆ ಹಿಡಿದು ಎದ್ದಳು. "ಕೇಳಿದ್ರೇನ್ರೇ? ನಾನು ಕಣ್ಣಿಟ್ಟ ಮೀನಿಗೆ ಇವನು ಕೊಕ್ಕೆ ಎಸೀತಾನಂತೆ! ಏ ಹುಡುಗಾ, ಅವು ಬದುಕ್ಲಿ ಅಂತ ನಾನೇನೂ ಹರಕೆ ಹೊತ್ತಿಲ್ಲ. ಚಳಿಗಾಲ ಪೂರ್ತಿ ನಿದ್ದೆ ಹೊಡೆಯೋ ಸೋಮಾರಿಗಳು, ಅವನ್ನ ಕಂಡ್ರೆ ನಂಗೇ ಮೈಯೆಲ್ಲ ಉರಿಯುತ್ತೆ. ಆದ್ರೆ ಸಾಯೋದಾದ್ರೆ ನನ್ನ ಕೊಕ್ಕೆಗೆ ಸಾಯ್ಲಿ. ನಿನ್ನ ಗಾಜಿನೊಳಗೆ ಒಂದು ಮೀನೂ ಬದುಕಕೂಡ್ದು."

ಒಪ್ಪಿಗೆಯ ಕಡೆ ಕೂತಿದ್ದ ಕುನ್ನ್ಯೊಳೇ ಮೊದಲು ಕಿಸಕ್ಕನೆ ನಕ್ಕದ್ದು. "ಈ ಮುದುಕಿ ಕಣ್ಣಿಟ್ಟ ಮೀನಿಗೆ ಕೈ ಹಾಕಿದೋರ ಗತಿ ನಂಗೊತ್ತಪ್ಪಾ," ಎಂದು ಪಕ್ಕದವಳಿಗೆ ಹೇಳಿ, ಅಕ್ಕನ ಕಡೆ ನೋಡದೆಯೇ ಗೋಡೆ ಬೇಡ ಎಂದು ಕೈಯೆತ್ತಿದಳು. ಹಲಗೆಯ ಹೆಂಗಸರ ಕೈಗಳೆಲ್ಲ ಅದರ ಹಿಂದೆ ಎದ್ದವು. ಬಯಲು ಉಳಿಯಿತು. ಅಕ್ಕತಂಗಿಯರು ಬೇರೆ ಬೇರೆ ಬಾಗಿಲಿನಿಂದ ಮನೆಗೆ ಹೋದರು.

ಪತ್ರಿಕೆಯವರು ನನ್ನ ಚಿತ್ರ ತೆಗೆದುಕೊಂಡರು. ಹಲ್ಲು ತೋರಿಸಿ ನಿಂತೆ. ಗೆದ್ದ ಸಂತೋಷಕ್ಕಿಂತ, ನನ್ನ ಮಾತಿನಿಂದ ಗೆಲ್ಲಲಿಲ್ಲವೆಂಬ ಉರಿಯೇ ಒಳಗೆ ದೊಡ್ಡದಾಗಿತ್ತು. ಇಂದೂ ಆರಿಲ್ಲ.

ಇಂಥವರನ್ನು ಆಮೇಲೆ ಬೇರೆ ಕಡೆಗಳಲ್ಲೂ ಕಂಡಿದ್ದೇನೆ. ಪೈನ್ ಮರದಡಿಯ ಅಣಬೆಯ ಜಾಗವನ್ನು ಹೆತ್ತ ಮಗನಿಗೂ ಹೇಳದೆ ಮಣ್ಣಾಗುವವರು, ತಾವು ಈಜು ಕಲಿತ ಮಡುವಿನಲ್ಲಿ ಪರವೂರಿನವರು ಕಾಲು ತೊಳೆದರೂ ಕಲ್ಲೆತ್ತಿಕೊಳ್ಳುವವರು. ಮೆರವಣಿಗೆಗೆ ಬರುವುದಿಲ್ಲ, ಕರಪತ್ರ ಓದುವುದಿಲ್ಲ, ಲೋಕಕಲ್ಯಾಣದ ಮಾತೆತ್ತಿದರೆ ಬೆಳಕು ಬಿಟ್ಟು ನಿಲ್ಲು ಎನ್ನುತ್ತಾರೆ. ನನ್ನಂಥವರು ಇದು ಎಲ್ಲರದು ಎಂದು ಕೂಗುತ್ತೇವೆ. ಎಲ್ಲರದು ಎಂದ ಕೂಡಲೇ ಅದನ್ನು ಕೊಳ್ಳಲು ಯಾರೋ ಒಬ್ಬ ಬಂದು ನಿಂತಿರುತ್ತಾನೆ. ಅವರು ನನ್ನದು ಎನ್ನುತ್ತಾರೆ, ಅಷ್ಟೇ. ಭೂಮಿಯ ಎಷ್ಟೋ ತುಣುಕುಗಳು ಉಳಿದಿರುವುದು ಈ ಹೊಟ್ಟೆಕಿಚ್ಚಿನ ಮುದುಕಿಯರ ಮುಷ್ಟಿಯಲ್ಲಿ. ನನ್ನ ಮುಷ್ಟಿ ಮಾತ್ರ ಜೀವಮಾನವಿಡೀ ಗಾಳಿಯಲ್ಲೇ ಎದ್ದಿತ್ತು. ಅದರೊಳಗೆ ಹಿಡಿ ಕೆಸರೂ ಇರಲಿಲ್ಲ.