ಅತ್ತಿಗೆಯ ಎರವಲು ಕೋಣೆ

ಮೆಟ್ಟಿಲ ಕೆಳಗಿನ ಕೋಣೆಯನ್ನು ಕಟ್ಟಡದ ಮಾಲೀಕರು ನಮ್ಮ ಅತ್ತಿಗೆಗೆ ಬಿಟ್ಟುಕೊಟ್ಟದ್ದು ಒಂದೇ ಷರತ್ತಿನ ಮೇಲೆ: ತಿಂಗಳೊಳಗೆ ಅದು ನಾಲ್ಕು ಜನರ ಉಪಯೋಗಕ್ಕೆ ಬಾರದಿದ್ದರೆ ಅಲ್ಲಿ ತಮ್ಮ ಸ್ಕೂಟರ್ ನಿಲ್ಲಿಸುತ್ತಾರೆ. ಅತ್ತಿಗೆ ನಿವೃತ್ತ ನರ್ಸ್, ಸುಮ್ಮನೆ ಕೂರುವ ಜಾತಿಯಲ್ಲ. ಮನೆಮನೆಯಲ್ಲಿ ಧೂಳು ತಿನ್ನುವ ಸಾಮಾನನ್ನೆಲ್ಲ ಒಂದೆಡೆ ಸೇರಿಸಿ, ಬೇಕಾದವರಿಗೆ ಎರವಲು ಕೊಡಬೇಕೆಂದು ಹಟ ಹಿಡಿದಿದ್ದರು.

ಕೊಡಲು ಜನ ಮುಗಿಬಿದ್ದರು. ಡ್ರಿಲ್ಲಿಂಗ್ ಮೆಷಿನ್, ಏಣಿ, ಗರಗಸ, ದೊಡ್ಡ ಪಾತ್ರೆ, ತೊಟ್ಟಿಲು. ಒಯ್ಯಲು ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಎದುರಿನ ನನ್ನ ಹೊಲಿಗೆ ಅಂಗಡಿಯಿಂದ ನೋಡುತ್ತಿದ್ದೆ. ಬರುತ್ತಾರೆ, ಇಣುಕುತ್ತಾರೆ, "ಚೆನ್ನಾಗಿಟ್ಟಿದೀರಾ" ಎಂದು ಹೊರಟುಬಿಡುತ್ತಾರೆ. ಅತ್ತಿಗೆಯ ಮುಖ ದಿನದಿನಕ್ಕೆ ಇಳಿಯತೊಡಗಿತು.

ಒಂದು ಬೆಳಿಗ್ಗೆ ಆ ಕೋಣೆಯ ಹೊರಗೇ ಪ್ಲಂಬರ್ ಮೇಜಿನ ಮೇಲೆ ಕುರ್ಚಿ ಇಟ್ಟು, ಅದರ ಮೇಲೆ ನಿಂತು ಪೈಪ್ ತಿರುಗಿಸುತ್ತಿದ್ದ.

"ಸೊಂಟ ಮುರ್ಕೋತೀಯೇನೋ? ಒಳಗೆ ಏಣಿ ಇಲ್ವಾ?" ಎಂದೆ.

"ಇದೆ ಅಕ್ಕಾ. ಅದ್ರ ಮೇಲೆ ನಮ್ಮ ಭಾವನ ಹೆಸರೂ ಇದೆ. ನಾನು ಹತ್ತಿದ್ರೆ ಮುಗೀತು, ಸಾಯೋವರೆಗೂ ಹೇಳಿ ಹಂಗಿಸ್ತಾನೆ."

ಆಗ ಗೊತ್ತಾಯಿತು. ವಾರ್ಡಿನಲ್ಲಿ ಲೋಟಕ್ಕೂ ಹೆಸರು ಅಂಟಿಸಿ ಅಭ್ಯಾಸವಾದ ಅತ್ತಿಗೆ, ಇಲ್ಲಿ ಪ್ರತಿ ಸಾಮಾನಿಗೂ ಕೊಟ್ಟವರ ಹೆಸರನ್ನು ದಪ್ಪಕ್ಷರದಲ್ಲಿ ಅಂಟಿಸಿದ್ದರು.

"ಕೊಟ್ಟೋರಿಗೆ ಮರ್ಯಾದೆ ಬೇಡ್ವೇನೇ?" ಎಂದರು, ನಾನು ಹೋಗಿ ಕೇಳಿದಾಗ.

"ಅವರಿಗೆ ಮರ್ಯಾದೆ, ತಗೊಳ್ಳೋರಿಗೆ ಹಂಗು. ಬೇಕರಿಯಮ್ಮನ ಹೆಸರಿರೋ ಪಾತ್ರೇನ ಅವಳ ಓರಗಿತ್ತಿ ಮುಟ್ತಾಳಾ, ನೀವೇ ಹೇಳಿ!"

ಅತ್ತಿಗೆ ಎದ್ದು ಬಿಸಿನೀರು ತಂದರು. ಇಬ್ಬರೂ ಕೂತು ಚೀಟಿಗಳನ್ನೆಲ್ಲ ಕೆರೆದೆವು. ಪ್ಲಂಬರ್ ಬಾಗಿಲಲ್ಲಿ ನಿಂತು ಕೇಳಿದ, "ಈಗ ಏಣಿ ಯಾರದ್ದು?"

"ಕೋಣೇದು. ಸಂಜೆ ತಂದಿಡದಿದ್ರೆ ಇಂಜೆಕ್ಷನ್ ಚುಚ್ತೀನಿ."

ತಿಂಗಳ ಕೊನೆಗೆ ಮಾಲೀಕರು ಬಂದರು. ಕಪಾಟುಗಳು ಬಿಕೋ ಎನ್ನುತ್ತಿದ್ದವು. "ಏನಮ್ಮಾ, ಎಲ್ರೂ ವಾಪಸ್ ತಗೊಂಡ್ರಾ? ಸ್ಕೂಟರ್ ತರ್ಲಾ?"

ಅತ್ತಿಗೆ ಬಾಯಿ ತೆರೆಯುವ ಮೊದಲೇ ಪ್ಲಂಬರ್‌ನ ಭಾವ ಒಳಗೆ ನುಗ್ಗಿದ.

"ನನ್ನ ಏಣಿ ಎಲ್ಲಿ? ಬಲ್ಬು ಹಾಕ್ಬೇಕು."

"ಪೇಂಟರ್ ಒಯ್ದಿದಾನೆ. ಆಮೇಲೆ ಬೇಕರಿಯಮ್ಮನ ಸರದಿ. ನಾಳಿದ್ದು ಬನ್ನಿ," ಎಂದರು ಅತ್ತಿಗೆ.

"ನಾನೇ ಕೊಟ್ಟಿದ್ದಲ್ವೇನ್ರೀ!"

"ಕೊಟ್ರಲ್ಲಾ, ಅದಕ್ಕೇ ಸರದಿ."

ಭಾವ ಗೊಣಗಿಕೊಂಡು ಹೋದ. ಮಾಲೀಕರು ಖಾಲಿ ಕಪಾಟಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ ನಕ್ಕರು. "ನನ್ನ ಗಾಡಿ ಬಿಸಿಲಲ್ಲೇ ಒಣಗ್ಲಿ ಬಿಡಿ," ಎಂದು ಹೊರಟರು.

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತು ಕಾಲು ಚಾಚಿದರು.

"ಉಸ್ಸಪ್ಪಾ! ಇಷ್ಟು ದಿನ ಉಂಡಿದ್ದೊಂದೂ ಮೈಗೆ ಹತ್ತಿರ್ಲಿಲ್ಲ ಕಣೇ. ಏನಿದೆ ನಿನ್ನ ಡಬ್ಬೀಲಿ, ತಾ ಇಲ್ಲಿ."